ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಸಿಗಬೇಕಾದರೆ: ಹಾಸನ, ಚಿಕ್ಕಮಗಳೂರು ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕಿತ್ಸೆ ಉಚಿತ, ಆದರೆ ಡಾಕ್ಟರೇ ಸಿಗಲ್ಲ. ಈ ಮಾತು ಕೇಳದ ಊರು ಎರಡೂ ಜಿಲ್ಲೆಗಳಲ್ಲಿಲ್ಲ. ಕಳಸದಿಂದಲೋ ಯಸಳೂರಿನಿಂದಲೋ ಹೊರಟವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಅವರಿಗೆ ಕೌಂಟರಿನಲ್ಲಿ "ಇವತ್ತು ಆಗಲ್ಲ, ಗುರುವಾರ ಬನ್ನಿ" ಎಂದರೆ ಆಗುವ ಸಂಕಟ ಸಣ್ಣದಲ್ಲ. ಹೀಗೆ ವ್ಯರ್ಥವಾಗುವ ದಿನಗಳಲ್ಲಿ ಹೆಚ್ಚಿನವು ದಿನ ತಪ್ಪಿದ್ದರಿಂದ, ಹೊತ್ತು ತಪ್ಪಿದ್ದರಿಂದ, ಇಲ್ಲವೇ ಒಂದು ಕಾಗದ ಮನೆಯಲ್ಲೇ ಉಳಿದದ್ದರಿಂದ ಆಗುವಂಥವು. ಅವನ್ನು ಮೊದಲೇ ತಿಳಿದುಕೊಂಡರೆ ತಪ್ಪಿಸಬಹುದು. ಹುದ್ದೆ ಖಾಲಿ ಇರುವುದು, ಹೇಳದೆ ಕೇಳದೆ ಗೈರಾಗುವುದು ರೋಗಿಯ ಕೈಯಲ್ಲಿಲ್ಲ. ಅದಕ್ಕೆ ಯಾರನ್ನು ಹೇಗೆ ಕೇಳಬೇಕು ಎನ್ನುವುದೂ ಇಲ್ಲಿದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಅಪಾಯಿಂಟ್‌ಮೆಂಟ್ ಅಂತ ಇದೆಯಾ? ಫೋನ್ ಮಾಡಿ ಹೆಸರು ಬರೆಸಬಹುದಾ?

ಮಾಮೂಲಿ ಹೊರರೋಗಿ ವಿಭಾಗದಲ್ಲಿ, ಅಂದರೆ ಓಪಿಡಿಯಲ್ಲಿ, ಖಾಸಗಿ ಕ್ಲಿನಿಕ್ಕಿನಂತೆ "ಹನ್ನೊಂದು ಗಂಟೆಗೆ ನಿಮ್ಮ ಸರದಿ" ಎಂದು ಹೆಸರು ಬರೆದಿಡುವ ಪದ್ಧತಿ ಇಲ್ಲ. ಅವತ್ತೇ ಬಂದು ಚೀಟಿ ಮಾಡಿಸಿದವರಿಗೆ ಅವತ್ತಿನ ಸರದಿ. ಮುಂಚಿತವಾಗಿ ಡೇಟ್ ಕೊಡುವುದು ಸ್ಕ್ಯಾನಿಂಗ್, ಆಪರೇಷನ್, ಡಯಾಲಿಸಿಸ್, ಅಂಗವಿಕಲರ ಪ್ರಮಾಣಪತ್ರದ ವೈದ್ಯಕೀಯ ಮಂಡಳಿ ಇಂಥವಕ್ಕೆ. ಯಾರಾದರೂ ಹೊರಗಡೆ ನಿಂತು "ನಾನು ಅಪಾಯಿಂಟ್‌ಮೆಂಟ್ ಕೊಡಿಸ್ತೀನಿ, ಇನ್ನೂರು ಕೊಡಿ" ಎಂದರೆ ನಂಬಬೇಡಿ. ಕೊಡಿಸಲು ಅವರ ಬಳಿ ಏನೂ ಇಲ್ಲ.

ಹಾಗಾದರೆ ಎಷ್ಟು ಹೊತ್ತಿಗೆ ಹೋಗಬೇಕು?

ಹೊಸದಾಗಿ ತೋರಿಸುವವರು ಕೌಂಟರ್ ತೆರೆಯುವ ಮೊದಲೇ, ಎಂಟೂವರೆ ಹೊತ್ತಿಗೆ ಸಾಲಿನಲ್ಲಿರುವುದು ಒಳ್ಳೆಯದು. ಸಾಮಾನ್ಯವಾಗಿ ಓಪಿಡಿ 9ಕ್ಕೆ ಶುರು. ಆದರೆ ಜಿಲ್ಲಾಸ್ಪತ್ರೆಯಲ್ಲಿ 9ಕ್ಕೇ ಹಿರಿಯ ಡಾಕ್ಟರು ಕುರ್ಚಿಯಲ್ಲಿ ಇರುತ್ತಾರೆ ಎಂದು ಲೆಕ್ಕ ಹಾಕಬೇಡಿ. ವಾರ್ಡಿನಲ್ಲಿ ಮಲಗಿರುವ ರೋಗಿಗಳ ರೌಂಡ್ಸ್ ಮುಗಿಸಿ ಅವರು ಕೆಳಗೆ ಬರುವಾಗ ಹತ್ತು, ಹತ್ತೂವರೆ ಆಗುತ್ತದೆ.

ಹಾಗಿದ್ದರೂ ಬೇಗ ಹೋಗಲು ಕಾರಣ ಬೇರೆಯೇ ಇದೆ. ಪ್ರಯೋಗಾಲಯದಲ್ಲಿ ರಕ್ತದ ಮಾದರಿ ತೆಗೆದುಕೊಳ್ಳುವುದನ್ನು ಬಹಳ ಕಡೆ ಮಧ್ಯಾಹ್ನದ ಮೊದಲೇ ನಿಲ್ಲಿಸುತ್ತಾರೆ. ಹನ್ನೊಂದಕ್ಕೆ ಚೀಟಿ ಮಾಡಿಸಿ, ಹನ್ನೆರಡೂವರೆಗೆ ಡಾಕ್ಟರನ್ನು ಕಂಡು, ರಕ್ತಪರೀಕ್ಷೆ ಬರೆಸಿಕೊಂಡು ಲ್ಯಾಬಿಗೆ ಹೋದರೆ "ನಾಳೆ ಬೆಳಿಗ್ಗೆ ಬನ್ನಿ" ಎನ್ನುತ್ತಾರೆ. ಡಾಕ್ಟರು ಸಿಕ್ಕಿದರೂ ಆ ದಿನ ಹೋಯಿತು. ಬೇಗ ಬಂದವರು ಅದೇ ದಿನ ರಕ್ತ ಕೊಟ್ಟು, ಮಧ್ಯಾಹ್ನ ರಿಪೋರ್ಟ್ ತೋರಿಸಿ, ಮಾತ್ರೆ ತೆಗೆದುಕೊಂಡು ಸಂಜೆ ಬಸ್ಸಿಗೆ ಊರು ಸೇರಬಹುದು.

ಸಕ್ಕರೆ ಕಾಯಿಲೆಯ ಅನುಮಾನ ಇದ್ದರೆ ರಾತ್ರಿ ಊಟದ ನಂತರ ಕನಿಷ್ಠ 8 ಗಂಟೆ ಏನೂ ತಿನ್ನದೆ ಬನ್ನಿ. ಬರೀ ನೀರು ಕುಡಿಯಬಹುದು, ಕಾಫಿ ಬೇಡ. ಬುತ್ತಿ ಕಟ್ಟಿಕೊಂಡು ಬನ್ನಿ. ಮೊದಲ ಮಾದರಿ ಕೊಟ್ಟ ಮೇಲೆ ಊಟ ಮಾಡಿ. ಎರಡನೇ ಮಾದರಿಯ ಎರಡು ಗಂಟೆಯನ್ನು ಊಟ ಶುರು ಮಾಡಿದ ಹೊತ್ತಿನಿಂದ ಎಣಿಸಬೇಕು, ಕೈ ತೊಳೆದ ಹೊತ್ತಿನಿಂದಲ್ಲ. ಈಗಾಗಲೇ ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಅದನ್ನು ತೆಗೆದುಕೊಂಡು ಸಾಲಿನಲ್ಲಿ ನಿಲ್ಲಬೇಡಿ, ಸಕ್ಕರೆ ಇಳಿದು ಕುಸಿದುಬೀಳುವ ಅಪಾಯವಿದೆ. ಔಷಧಿಯನ್ನು ಕೈಯಲ್ಲಿ ತಂದು, ರಕ್ತ ಕೊಟ್ಟ ಮೇಲೆ ಊಟದ ಜೊತೆ ತೆಗೆದುಕೊಳ್ಳಿ.

ಬರೀ ರಿಪೋರ್ಟ್ ತೋರಿಸುವವರಿಗೆ ಊಟದ ಬಿಡುವಿನ ನಂತರ, ಎರಡೂವರೆ ಸುಮಾರಿಗೆ, ಸಾಲು ಕಡಿಮೆ. ಆದರೆ ನಿಮ್ಮನ್ನು ನೋಡಿದ ಡಾಕ್ಟರು ಮಧ್ಯಾಹ್ನ ಇರುತ್ತಾರಾ ಎಂದು ಹಿಂದಿನ ಭೇಟಿಯಲ್ಲೇ ಕೇಳಿಟ್ಟುಕೊಂಡಿರಬೇಕು.

ಯಾವ ದಿನ ಜನ ಕಡಿಮೆ?

ಸೋಮವಾರ ಮತ್ತು ರಜೆಯ ಮರುದಿನ ನೂಕುನುಗ್ಗಲು, ನಿಮ್ಮೂರಿನ ಸಂತೆ ದಿನವೂ ಹಾಗೆಯೇ. ಸಾರ್ವಜನಿಕ ರಜೆಯ ದಿನ ಓಪಿಡಿ ಪೂರ್ತಿ ನಡೆಯುವುದಿಲ್ಲ, ತುರ್ತು ಚಿಕಿತ್ಸೆ ಮಾತ್ರ ಇರುತ್ತದೆ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಹಾಸನಕ್ಕೆ ಬರುವ ಬಸ್ಸುಗಳೆಲ್ಲ ತುಂಬಿರುತ್ತವೆ, ಪೇಟೆಯೊಳಗೆ ರಸ್ತೆ ಬದಲಿಸಿರುತ್ತಾರೆ. ತುರ್ತಿಲ್ಲದ ಭೇಟಿಯನ್ನು ಆಗ ಇಟ್ಟುಕೊಳ್ಳಬೇಡಿ.

"ಇವತ್ತು ನಿಮ್ಮ ಯೂನಿಟ್ ಅಲ್ಲ" ಎಂದು ವಾಪಸ್ ಕಳಿಸಿದರು. ಹಾಗಂದರೇನು?

ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಆಸ್ಪತ್ರೆಯವರು ಮೊದಲ ದಿನವೇ ಇದನ್ನು ಬಿಡಿಸಿ ಹೇಳಬೇಕಿತ್ತು, ಹೇಳುವವರು ಕಡಿಮೆ.

ಹಾಸನದ ಹಿಮ್ಸ್‌ಗೆ, ಅಂದರೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ. ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಲ್ಲೂ ಈಗ ವೈದ್ಯಕೀಯ ಕಾಲೇಜಿನ ವ್ಯವಸ್ಥೆ ಬಂದಿದೆ. ಬೋಧನಾ ಆಸ್ಪತ್ರೆಗಳಲ್ಲಿ ಮೆಡಿಸಿನ್, ಸರ್ಜರಿ, ಮೂಳೆ, ಹೆರಿಗೆಯಂಥ ದೊಡ್ಡ ವಿಭಾಗಗಳನ್ನು ಯೂನಿಟ್‌ಗಳಾಗಿ ಹಂಚುತ್ತಾರೆ. ಪ್ರತಿ ಯೂನಿಟ್‌ಗೆ ಒಬ್ಬ ಮುಖ್ಯಸ್ಥರು, ಅವರ ಕೈಕೆಳಗೆ ಸಹಾಯಕ ಪ್ರಾಧ್ಯಾಪಕರು, ಸ್ನಾತಕೋತ್ತರ ವಿದ್ಯಾರ್ಥಿಗಳು, ಹೌಸ್ ಸರ್ಜನ್‌ಗಳು. ಒಂದು ಯೂನಿಟ್‌ಗೆ ವಾರದಲ್ಲಿ ಇಂತಿಷ್ಟೇ ಓಪಿಡಿ ದಿನ, ಇಂತಿಷ್ಟೇ ಆಪರೇಷನ್ ದಿನ. ನಿಮ್ಮನ್ನು ಸೋಮವಾರ ನೋಡಿದ ಯೂನಿಟ್ ಮಂಗಳವಾರ ಆಪರೇಷನ್ ಥಿಯೇಟರಿನಲ್ಲಿರಬಹುದು. ಆ ದಿನ ಕೊಠಡಿಯಲ್ಲಿ ಕೂತ ಬೇರೆ ಯೂನಿಟ್ಟಿನವರು ನಿಮ್ಮ ಹಳೆಯ ಕಡತದ ಮೇಲೆ ತೀರ್ಮಾನ ತೆಗೆದುಕೊಳ್ಳಲು ಹಿಂದೇಟು ಹಾಕುತ್ತಾರೆ. ಆಪರೇಷನ್ ಮಾಡಿಸಿಕೊಂಡವರ ವಿಷಯದಲ್ಲಂತೂ ಖಂಡಿತ.

ಆದ್ದರಿಂದ ಮೊದಲ ಭೇಟಿ ಮುಗಿಸಿ ಏಳುವ ಮುಂಚೆ "ನಾನು ಯಾವ ಯೂನಿಟ್? ಮುಂದಿನ ಸಲ ಯಾವ ದಿನ, ಯಾವ ಕೊಠಡಿ?" ಎಂದು ಕೇಳಿ, ಚೀಟಿಯ ಮೇಲೇ ಬರೆಸಿಕೊಳ್ಳಿ. "ಒಂದು ವಾರ ಬಿಟ್ಟು ಬನ್ನಿ" ಎಂದರೆ ಏಳನೇ ದಿನಕ್ಕೆ ಆ ಯೂನಿಟ್ಟಿನ ಓಪಿಡಿ ಇದೆಯಾ ಎಂದು ಅಲ್ಲೇ ಖಚಿತ ಮಾಡಿಕೊಳ್ಳಿ.

ಓಪಿಡಿ ಚೀಟಿಯಲ್ಲಿ ಏನೇನು ನೋಡಬೇಕು?

ಕೌಂಟರ್ ಬಿಟ್ಟು ಕದಲುವ ಮೊದಲೇ ಚೀಟಿ ಓದಿ. ಮೇಲೆ ಒಂದು ಉದ್ದನೆಯ ನೋಂದಣಿ ಸಂಖ್ಯೆ ಇರುತ್ತದೆ. ಅದು ಆ ಆಸ್ಪತ್ರೆಯಲ್ಲಿ ನಿಮ್ಮ ಗುರುತು. ಮುಂದಿನ ಸಲ ಅದನ್ನೇ ಹೇಳಿದರೆ ಹಳೆಯ ದಾಖಲೆ ಸಿಗುತ್ತದೆ, ಪ್ರತಿ ಸಲ ಹೊಸ ಸಂಖ್ಯೆ ಮಾಡಿಸಿದರೆ ರಿಪೋರ್ಟ್‌ಗಳೆಲ್ಲ ಬೇರೆ ಬೇರೆ ಹೆಸರಿನಲ್ಲಿ ಚೆದುರಿಹೋಗುತ್ತವೆ. ಹೆಸರು, ವಯಸ್ಸು ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಇದ್ದ ಹಾಗೇ ಇರಲಿ. "ಪುಟ್ಟಮ್ಮ" ಎಂದು ಚೀಟಿಯಲ್ಲೂ "ಪುಟ್ಟಲಕ್ಷ್ಮಮ್ಮ" ಎಂದು ಕಾರ್ಡಿನಲ್ಲೂ ಇದ್ದರೆ ಮುಂದೆ ಆಯುಷ್ಮಾನ್ ಯೋಜನೆಯ ಅನುಮತಿ ಕೇಳುವಾಗ ತಕರಾರು ಬರುತ್ತದೆ. ವಿಭಾಗದ ಹೆಸರು ಸರಿಯಿದೆಯಾ ನೋಡಿ. ಮಂಡಿ ನೋವಿಗೆ ಮೂಳೆ ವಿಭಾಗ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಕಾಲು ಜೋಮು ಹಿಡಿಯುವುದು, ತಲೆಸುತ್ತು, ಊತ ಇಂಥವಕ್ಕೆ ನೀವೇ ವಿಭಾಗ ಹೇಳಬೇಡಿ. ತೊಂದರೆ ಏನೆಂದು ಹೇಳಿ, ಗೊತ್ತಾಗದಿದ್ದರೆ ಮೆಡಿಸಿನ್‌ಗೇ ಬರೆಸಿ. ಅಲ್ಲಿಂದ ಬೇಕಾದ ಕಡೆ ಕಳಿಸುತ್ತಾರೆ.

ಚೀಟಿಗೆ ಸಣ್ಣ ಶುಲ್ಕ ಇರುವ ಆಸ್ಪತ್ರೆಗಳಲ್ಲಿ ಬಿಪಿಎಲ್ ಕಾರ್ಡನ್ನು ಮೊದಲೇ ತೋರಿಸಿ. ಕೊಟ್ಟ ಯಾವ ಹಣಕ್ಕೂ ರಸೀದಿ ಕೇಳಿ.

ಫೋನಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಲು ನಿಲ್ಲುವುದು ತಪ್ಪುತ್ತದಾ?

ನೋಂದಣಿಯ ಉದ್ದ ಸಾಲು ತಪ್ಪುತ್ತದೆ, ಡಾಕ್ಟರ ಕೊಠಡಿ ಮುಂದಿನ ಸಾಲು ತಪ್ಪುವುದಿಲ್ಲ. ಇದಕ್ಕೆ ಆಭಾ, ಅಂದರೆ ನಿಮ್ಮ ಆರೋಗ್ಯ ದಾಖಲೆಯ 14 ಅಂಕಿಯ ಗುರುತಿನ ಸಂಖ್ಯೆ ಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಆಭಾ ಆ್ಯಪಿನಲ್ಲಿ ಒಟಿಪಿ ಹಾಕಿ ಮನೆಯಲ್ಲೇ ಮಾಡಿಕೊಳ್ಳಬಹುದು. ಕೌಂಟರ್ ಹತ್ತಿರ ಅಂಟಿಸಿರುವ ಕ್ಯೂಆರ್ ಕೋಡನ್ನು ಅದೇ ಆ್ಯಪಿನಿಂದ ಸ್ಕ್ಯಾನ್ ಮಾಡಿ, ವಿವರ ಹಂಚಿಕೊಳ್ಳಲು ಒಪ್ಪಿಗೆ ಕೊಟ್ಟರೆ ಟೋಕನ್ ಸಂಖ್ಯೆ ಬರುತ್ತದೆ. ಆ ಸಂಖ್ಯೆ ಹೇಳಿ ಚೀಟಿ ಪಡೆಯುವುದು. ಮನೆಯಲ್ಲಿ ಒಂದೇ ಫೋನ್ ಇದ್ದರೆ ಅದರಲ್ಲೇ ಹಲವರ ಆಭಾ ಇಟ್ಟುಕೊಳ್ಳಬಹುದು.

ಕೆಟ್ಟುಹೋಗುವುದು ಎಲ್ಲಿ? ಆಧಾರ್‌ಗೆ ಕೊಟ್ಟ ನಂಬರ್ ಹಳೆಯದಾಗಿ ಒಟಿಪಿ ಬರುವುದಿಲ್ಲ. ಅಥವಾ ಆಸ್ಪತ್ರೆಯ ದಪ್ಪ ಗೋಡೆಗಳ ನಡುವೆ ನೆಟ್‌ವರ್ಕ್ ಇರುವುದಿಲ್ಲ. ಆ್ಯಪ್ ಹಾಕಿ, ಲಾಗಿನ್ ಆಗುವವರೆಗಿನ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿಡಿ. ಫೋನ್ ಇಲ್ಲದವರಿಗೆ ಚೀಟಿ ನಿರಾಕರಿಸುವಂತಿಲ್ಲ.

ಇನ್ನೊಂದು ಗೊಂದಲ: ಆಭಾ ಬೇರೆ, ಆಯುಷ್ಮಾನ್ ಕಾರ್ಡ್ ಬೇರೆ. ಆಭಾ ನಿಮ್ಮ ಆರೋಗ್ಯ ದಾಖಲೆಯ ಗುರುತಿನ ಸಂಖ್ಯೆ ಮಾತ್ರ, ಅದರಿಂದ ಒಂದು ರೂಪಾಯಿಯ ಚಿಕಿತ್ಸೆಯೂ ಬರುವುದಿಲ್ಲ. ಖರ್ಚು ಭರಿಸುವುದು ಆಯುಷ್ಮಾನ್ ಕಾರ್ಡ್.

ಡಾಕ್ಟರು ಕೊಠಡಿಯಲ್ಲಿಲ್ಲ. ಕಾಯಬೇಕಾ, ಹೋಗಬೇಕಾ?

ಮೊದಲು ನರ್ಸ್ ಅಥವಾ ಗ್ರೂಪ್ ಡಿ ಸಿಬ್ಬಂದಿಯನ್ನು ಕೇಳಬೇಕಾದದ್ದು "ಎಲ್ಲಿದ್ದಾರೆ?" ಎಂದು. "ಯಾವಾಗ ಬರ್ತಾರೆ?" ಎಂದರೆ "ಬರ್ತಾರೆ ಕೂತ್ಕೊಳ್ಳಿ" ಎನ್ನುವ ಉತ್ತರ ಮಾತ್ರ ಸಿಗುತ್ತದೆ. ರೌಂಡ್ಸ್ ಎಂದರೆ ಕಾಯಿರಿ. ಮರಣೋತ್ತರ ಪರೀಕ್ಷೆ ಎಂದರೆ ಒಂದೆರಡು ಗಂಟೆಯ ಮಾತು. ಕೋರ್ಟ್ ಸಾಕ್ಷಿಗೆ ಹೋಗಿದ್ದಾರೆ, ಜಿಲ್ಲಾ ಮಟ್ಟದ ಸಭೆ, ಶಿಬಿರ ಎಂದರೆ ಅವತ್ತು ಅವರ ಆಸೆ ಬಿಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ವಿಭಾಗಕ್ಕೆ ಒಬ್ಬರೇ ತಜ್ಞರು. ಅವರೇ ರಾತ್ರಿ ಕರೆದರೆ ಹೆರಿಗೆಗೂ ಓಡಬೇಕು, ಹಗಲು ಓಪಿಡಿಗೂ ಕೂರಬೇಕು. ಅವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಬದಲಿ ವ್ಯವಸ್ಥೆ ಮಾಡದ ಆಡಳಿತವನ್ನು ಕೇಳಬೇಕು.

ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೋ ಕೊಪ್ಪ, ಮೂಡಿಗೆರೆಯ ಆಸ್ಪತ್ರೆಗೋ ತಜ್ಞರನ್ನೇ ಕಾಣಲು ಹೋಗುವವರು ಹಿಂದಿನ ದಿನ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಯಾವ ಡಾಕ್ಟರು ರಜೆ, ಯಾವ ಹುದ್ದೆ ಖಾಲಿ ಎನ್ನುವ ಸುದ್ದಿ ಅವರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. 104 ಆರೋಗ್ಯ ಸಹಾಯವಾಣಿಯಲ್ಲಿ ವೈದ್ಯಕೀಯ ಸಲಹೆ ಸಿಗುತ್ತದೆ, ದೂರನ್ನೂ ಬರೆಸಬಹುದು. ಆದರೆ ಇಂತಹ ಡಾಕ್ಟರು ಇವತ್ತು ಸೀಟಿನಲ್ಲಿದ್ದಾರಾ ಎಂಬುದಕ್ಕೆ ಆಶಾ ಅವರೇ ಮೇಲು.

ಎಲ್ಲದಕ್ಕೂ ಜಿಲ್ಲಾಸ್ಪತ್ರೆಗೇ ಹೋಗಬೇಕಾ?

ಬೇಡ. ನಿಯಮದ ಪ್ರಕಾರ ಬಯಲುಸೀಮೆಯಲ್ಲಿ 30,000 ಜನಕ್ಕೆ, ಮಲೆನಾಡಿನಂಥ ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಜ್ವರ, ಕೆಮ್ಮು, ಬಿಪಿ, ಸಕ್ಕರೆ, ಗಾಯದ ಡ್ರೆಸ್ಸಿಂಗ್, ಮಕ್ಕಳ ಲಸಿಕೆ, ಕಫ ಪರೀಕ್ಷೆ ಎಲ್ಲಕ್ಕೂ ಅದೇ ಸಾಕು. ಬಿಪಿ, ಸಕ್ಕರೆಯ ಮಾತ್ರೆಗೆ ಪ್ರತಿ ತಿಂಗಳು ಹಾಸನಕ್ಕೆ ಬರುವವರು ಒಮ್ಮೆ ತಜ್ಞರಿಂದ ಔಷಧಿ, ಪ್ರಮಾಣ ಸ್ಪಷ್ಟವಾಗಿ ಬರೆಸಿಕೊಂಡು ಅದನ್ನು ನಿಮ್ಮ ಕೇಂದ್ರದಲ್ಲಿ ದಾಖಲು ಮಾಡಿಸಿ. 30 ದಿನದ ಮಾತ್ರೆ ಅಲ್ಲೇ ಕೊಡುತ್ತಾರೆ. ಮಾತ್ರೆ ಮುಗಿಯಲು ಐದು ದಿನ ಇರುವಾಗಲೇ ಹೋಗಿ. ದಾಸ್ತಾನು ಇಲ್ಲವೆಂದರೆ ತರಿಸಲು ಸಮಯ ಸಿಗುತ್ತದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯವರಿಗೆ ಒಂದು ಮಾತು. ಡಿಸೆಂಬರಿನಿಂದ ಮೇ ತನಕ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ದೂರದ ಆಸ್ಪತ್ರೆ ಹುಡುಕುತ್ತಾ ದಿನ ಕಳೆಯಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ "ಕಾಡಿಗೆ ಹೋಗಿದ್ದೆ, ಉಣುಗು ಕಚ್ಚಿತ್ತು" ಅಥವಾ "ತೋಟದ ಹತ್ತಿರ ಮಂಗ ಸತ್ತಿತ್ತು" ಎಂಬುದನ್ನು ನೀವಾಗಿಯೇ ಹೇಳಿ. ಮಂಗನ ಕಾಯಿಲೆಯ ರಕ್ತಪರೀಕ್ಷೆಗೆ ಅಲ್ಲಿಂದಲೇ ಮಾದರಿ ಕಳಿಸುತ್ತಾರೆ.

ಮನೆಯಿಂದಲೇ ಡಾಕ್ಟರ ಹತ್ತಿರ ಮಾತನಾಡುವ ಇ-ಸಂಜೀವಿನಿ ಕೆಲಸಕ್ಕೆ ಬರುತ್ತದಾ?

ಚರ್ಮದ ತೊಂದರೆ, ಹಳೆಯ ಕಾಯಿಲೆಯ ಮುಂದುವರಿಕೆ, ರಿಪೋರ್ಟ್ ಅರ್ಥ ಮಾಡಿಸಿಕೊಳ್ಳುವುದು ಇವಕ್ಕೆ ಚೆನ್ನಾಗಿ ಬರುತ್ತದೆ, ಉಚಿತ. ಸಿಗ್ನಲ್ ಇಲ್ಲದ ಊರಿನವರು ಉಪಕೇಂದ್ರಕ್ಕೆ, ಅಂದರೆ ಈಗಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋಗಿ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ನಿಮ್ಮ ಬಿಪಿ, ಸಕ್ಕರೆ ನೋಡಿ, ಅವರೇ ವಿಡಿಯೊದಲ್ಲಿ ಡಾಕ್ಟರನ್ನು ಜೋಡಿಸಿಕೊಡುತ್ತಾರೆ. ಹೊಟ್ಟೆ ಒತ್ತಿ ನೋಡಬೇಕಾದ ನೋವು, ಎದೆ ನೋವು, ಉಸಿರಾಟದ ತೊಂದರೆಗೆ ಇದನ್ನು ನೆಚ್ಚಬೇಡಿ.

ಸ್ಕ್ಯಾನಿಂಗಿಗೆ ವಾರಗಟ್ಟಲೆ ಮುಂದಿನ ಡೇಟ್ ಕೊಟ್ಟಿದ್ದಾರೆ. ಏನು ಮಾಡಬಹುದು?

ಯಂತ್ರ ಇದ್ದರೂ ಅದನ್ನು ನೋಡಿ ವರದಿ ಬರೆಯುವ ರೇಡಿಯಾಲಜಿಸ್ಟ್ ಸಾಕಷ್ಟಿಲ್ಲದಿರುವುದೇ ಸಾಮಾನ್ಯ ಕಾರಣ. ಮೊದಲ ಹೆಜ್ಜೆ, ಬರೆದುಕೊಟ್ಟ ಡಾಕ್ಟರ ಬಳಿಗೇ ಹೋಗಿ "ಇಷ್ಟು ದಿನ ತಡೆಯಬಹುದಾ?" ಎಂದು ಕೇಳುವುದು. ತಡೆಯಬಾರದು ಎಂದಾದರೆ ಅವರು ಸ್ಕ್ಯಾನ್ ಚೀಟಿಯ ಮೇಲೆ "ತುರ್ತು" ಎಂದು ಬರೆದು ಸಹಿ ಹಾಕಬೇಕು. ಆ ಒಂದು ಪದದಿಂದ ಬೇಗನೆ ಡೇಟ್ ಸಿಗುತ್ತದೆ, ಬಾಯಿಮಾತಿಗೆ ಸಿಗುವುದಿಲ್ಲ.

ಡೇಟ್ ಬಂದ ದಿನ ವಾಪಸ್ ಕಳಿಸದಂತೆ ನೋಡಿಕೊಳ್ಳಿ. ಪಿತ್ತಕೋಶ, ಯಕೃತ್ತು ನೋಡಬೇಕಾದ ಹೊಟ್ಟೆ ಸ್ಕ್ಯಾನಿಗೆ ಸುಮಾರು 6 ಗಂಟೆ ಉಪವಾಸ. ಗರ್ಭಕೋಶ, ಮೂತ್ರಕೋಶ, ಪ್ರಾಸ್ಟೇಟ್ ನೋಡುವುದಕ್ಕೆ ಮೂತ್ರ ತುಂಬಿರಬೇಕು. ಒಂದು ಗಂಟೆ ಮುಂಚೆ ನಾಲ್ಕೈದು ಲೋಟ ನೀರು ಕುಡಿದು ತಡೆದುಕೊಂಡಿರಿ. ಗರ್ಭಿಣಿಯರ ಸ್ಕ್ಯಾನಿಗೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಪ್ರಕಾರ ನಮೂನೆ ತುಂಬಿಸುತ್ತಾರೆ, ಆಧಾರ್ ಮತ್ತು ತಾಯಿ ಕಾರ್ಡ್ ಮರೆಯಬೇಡಿ. ಸಿಟಿ ಸ್ಕ್ಯಾನಿಗೆ ಔಷಧಿ ಚುಚ್ಚಿ ಮಾಡುವುದಿದ್ದರೆ ಮೂತ್ರಪಿಂಡ ಹೇಗಿದೆ ಎಂದು ತೋರಿಸುವ ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟ್ ಕೇಳುತ್ತಾರೆ. ಎಂಆರ್‌ಐಗೆ ಹೋಗುವವರ ಮೈಯಲ್ಲಿ ಪೇಸ್‌ಮೇಕರ್, ಹಳೆಯ ಆಪರೇಷನ್ನಿನ ರಾಡ್, ಪ್ಲೇಟ್ ಇದ್ದರೆ ಡೇಟ್ ತೆಗೆದುಕೊಳ್ಳುವಾಗಲೇ ಹೇಳಬೇಕು.

ಆಪರೇಷನ್ ಡೇಟ್ ಪದೇ ಪದೇ ಮುಂದೂಡುತ್ತಿದ್ದಾರೆ, ಯಾಕೆ?

ಆಸ್ಪತ್ರೆ ಕಡೆಯ ಕಾರಣ: ಅರಿವಳಿಕೆ ತಜ್ಞರು ಒಬ್ಬರೇ, ತುರ್ತು ಸಿಸೇರಿಯನ್ ಬಂದರೆ ಹರ್ನಿಯಾ ಆಪರೇಷನ್ ಮರುದಿನಕ್ಕೆ ಹೋಗುತ್ತದೆ. ರೋಗಿ ಕಡೆಯ ಕಾರಣಗಳು ಇನ್ನೂ ಹೆಚ್ಚು, ಅವನ್ನು ಮನೆಯಲ್ಲೇ ಸರಿಪಡಿಸಿಕೊಳ್ಳಬಹುದು. ಆ ದಿನ ಬಿಪಿ ಏರಿರುವುದು, ಸಕ್ಕರೆ ಹತೋಟಿಯಲ್ಲಿಲ್ಲದಿರುವುದು, ರಕ್ತ ಕಡಿಮೆ ಇರುವುದು, ಕೆಮ್ಮು, ನೆಗಡಿ, ಕಣ್ಣಿನ ಪೊರೆಯವರಿಗೆ ಕಣ್ಣಿನಲ್ಲಿ ಸೋಂಕು. ಬಿಪಿ ಮಾತ್ರೆಯನ್ನು ಆಪರೇಷನ್ ದಿನ "ಏನೂ ಸೇವಿಸಬಾರದು ಅಂದಿದ್ದಾರೆ" ಎಂದು ಬಿಟ್ಟುಬಿಡುವವರು ಬಹಳ. ಬಿಪಿ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಲು ಹೇಳುತ್ತಾರೆ, ಸಕ್ಕರೆಯದಕ್ಕೆ ಬೇರೆ ಲೆಕ್ಕ. ಎರಡನ್ನೂ ಅರಿವಳಿಕೆ ಡಾಕ್ಟರ ಬಳಿ ಕೇಳಿ ಬರೆಸಿಕೊಳ್ಳಿ. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲ ಭೇಟಿಯಲ್ಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ.

ಆಯುಷ್ಮಾನ್ ಕಾರ್ಡ್ ಇದೆ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಆಗುವುದಿಲ್ಲವಾ?

ತುರ್ತು ಸಂದರ್ಭದಲ್ಲಿ ಆಗುತ್ತದೆ. ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರ ಹೋಗಬಹುದು. ಉಳಿದದ್ದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲವೆಂದಾಗ ಅವರೇ ರೆಫರ್ ಮಾಡಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದು ಕುಟುಂಬಕ್ಕೆ 1.5 ಲಕ್ಷದ ಮಿತಿಯಲ್ಲಿ. ಇದು ದಾಖಲಾಗಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ, ಖಾಸಗಿ ಆಸ್ಪತ್ರೆಯ ಓಪಿಡಿ ಫೀಸಿಗೆ ಅಲ್ಲ.

ರೆಫರಲ್ ಪತ್ರ ಕೈಗೆ ಬಂದಾಗ ನೋಡಬೇಕಾದದ್ದು: ರೋಗದ ಹೆಸರು, ಇಲ್ಲಿ ಯಾಕೆ ಆಗುವುದಿಲ್ಲ ಎಂಬ ಕಾರಣ, ಯಾವ ವಿಭಾಗಕ್ಕೆ, ದಿನಾಂಕ, ಸಹಿ, ಮೊಹರು. ಪತ್ರ ಹಿಡಿದು ಹಾಗೇ ಹೊರಡಬೇಡಿ. ಅದೇ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಕೂತಿರುತ್ತಾರೆ, ಅವರ ಮೂಲಕ ಆನ್‌ಲೈನಿನಲ್ಲೂ ದಾಖಲಾಗಿದೆಯಾ ಎಂದು ಖಚಿತ ಮಾಡಿಕೊಳ್ಳಿ. ಮಂಗಳೂರು ತಲುಪಿದ ಮೇಲೆ "ಆನ್‌ಲೈನಿನಲ್ಲಿ ಬಂದಿಲ್ಲ" ಎಂದರೆ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಮತ್ತೆ ಹತ್ತಿಬರಬೇಕಾಗುತ್ತದೆ. ಆ ಆಸ್ಪತ್ರೆ ಈಗಲೂ ಯೋಜನೆಯಲ್ಲಿದೆಯಾ, ನಿಮ್ಮ ಕಾಯಿಲೆಯ ವಿಭಾಗಕ್ಕೂ ಇದೆಯಾ ಎಂದೂ ಆರೋಗ್ಯ ಮಿತ್ರರನ್ನೇ ಕೇಳಿ.

ಹೃದಯ ತಪಾಸಣೆಗೆ ಮೈಸೂರಿನ ಜಯದೇವಕ್ಕೇ ಹೋಗಬೇಕಾ?

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಸಾಲಾಗಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ನಸುಕಿನಿಂದಲೇ ಸಾಲುಗಟ್ಟಿದ್ದರು. ಆ ಭಯ ಅರ್ಥವಾಗುವಂಥದ್ದು. ಆದರೆ ಏನೂ ತೊಂದರೆ ಇಲ್ಲದವರ ಸಾಲು ಬೆಳೆದಷ್ಟೂ ನಿಜವಾಗಿ ಎದೆ ಹಿಡಿದುಕೊಂಡು ಬಂದವರು ಹಿಂದೆ ಬೀಳುತ್ತಾರೆ. ಬರೀ ತಪಾಸಣೆ ಬೇಕಾದವರಿಗೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಇಸಿಜಿ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಅದರಲ್ಲಿ ವ್ಯತ್ಯಾಸ ಕಂಡರೆ ಮುಂದಿನ ಹೆಜ್ಜೆ.

ಎದೆ ಬಿಗಿತ, ಎಡತೋಳು ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು ಬಂದಾಗ ಓಪಿಡಿ ಚೀಟಿ ಬೇಡವೇ ಬೇಡ. 108ಕ್ಕೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಹೃದ್ರೋಗ ಕೇಂದ್ರದ ತಜ್ಞರಿಗೆ ಕಳಿಸಿ, ಹೃದಯಾಘಾತ ಖಚಿತವಾದರೆ ರಕ್ತ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಮೈಸೂರು ಹಾಸನದಿಂದಲೇ ನೂರು ಕಿಲೋಮೀಟರಿಗೂ ಹೆಚ್ಚು. ಆ ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ.

ಇನ್ನು ಯಾವುದಕ್ಕೆಲ್ಲ ಸಾಲು ನಿಲ್ಲಬಾರದು?

ಹಾವು ಕಚ್ಚಿದರೆ: ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ನಾಟಿ ಔಷಧಿಗೆ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು ನೇರ ತುರ್ತು ವಿಭಾಗ. ಕಾಫಿ ತೋಟದವರು ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷನಿರೋಧಕ ಚುಚ್ಚುಮದ್ದು ದಾಸ್ತಾನಿದೆ ಎಂದು ಕೊಯ್ಲಿನ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.

ನಾಯಿ ಕಚ್ಚಿದರೆ: ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಗೆ 0, 3, 7 ಮತ್ತು 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು, ಅದನ್ನು ಕೇಳಿ ಹಾಕಿಸಿಕೊಳ್ಳಿ. ಭಾನುವಾರ ಬಂತೆಂದು ಒಂದು ದಿನದ ಡೋಸ್ ತಪ್ಪಿಸಬೇಡಿ, ರಜೆಯ ದಿನ ತುರ್ತು ವಿಭಾಗದಲ್ಲಿ ಹಾಕಿಸಬಹುದು.

ಡಯಾಲಿಸಿಸ್‌ಗೆ ಜಾಗ ಇಲ್ಲ ಅನ್ನುತ್ತಾರೆ.

ಒಂದು ಸಲಕ್ಕೆ ಸುಮಾರು 4 ಗಂಟೆ, ಒಬ್ಬರಿಗೆ ವಾರಕ್ಕೆ ಎರಡು ಮೂರು ಸಲ. ಹೀಗಾಗಿ ಒಂದು ಯಂತ್ರ ಕೆಲವೇ ರೋಗಿಗಳಿಗೆ ಸಾಕಾಗುತ್ತದೆ. ಹೆಪಟೈಟಿಸ್ ಬಿ ಇರುವವರಿಗೆ ಪ್ರತ್ಯೇಕ ಯಂತ್ರ ಬೇಕಿರುವುದರಿಂದ ಅವರ ಕಾಯುವಿಕೆ ಇನ್ನೂ ಉದ್ದ. ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ, ನಿಮ್ಮ ಕ್ರಮಸಂಖ್ಯೆ ಕೇಳಿ ಬರೆದುಕೊಳ್ಳಿ. ಪಕ್ಕದ ತಾಲ್ಲೂಕಿನಲ್ಲೂ ವಿಚಾರಿಸಿ. ಅರಸೀಕೆರೆಯವರಿಗೆ ಕಡೂರು ರೈಲಿನಲ್ಲಿ ಹತ್ತಿರ, ಜಿಲ್ಲೆ ಬೇರೆ ಎಂಬುದು ಅಡ್ಡಿಯಾಗಬಾರದು. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ರಿಪೋರ್ಟ್ ಸಿದ್ಧವಿಟ್ಟುಕೊಂಡಿರಿ. ಜಾಗ ಖಾಲಿಯಾದ ದಿನ ರಿಪೋರ್ಟ್ ಇರುವವರನ್ನು ಮೊದಲು ಕರೆಯುತ್ತಾರೆ.

ವಯಸ್ಸಾದವರು, ಅಂಗವಿಕಲರು ಅದೇ ಸಾಲಿನಲ್ಲಿ ನಿಲ್ಲಬೇಕಾ?

ನಿಲ್ಲಬೇಕಿಲ್ಲ. ಹಿರಿಯ ನಾಗರಿಕರಿಗೆ ಪ್ರತ್ಯೇಕ ಸಾಲು ಇರಬೇಕೆಂದು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಅಂಗವಿಕಲರಿಗೆ ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕೆಂದು 2016ರ ಕಾಯ್ದೆಯ 25ನೇ ಕಲಂನಲ್ಲಿದೆ. ಕೌಂಟರಿನಲ್ಲಿ ಬೋರ್ಡ್ ಇಲ್ಲದಿದ್ದರೂ ಕೇಳುವ ಹಕ್ಕು ನಿಮ್ಮದು. ಸಂಕೋಚ ಪಡಬೇಡಿ. ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ ಮಗನೋ ಸೊಸೆಯೋ ಚೀಟಿ ಮಾಡಿಸಬಹುದು.

ಗರ್ಭಿಣಿಯರಿಗೆ, ಮಾನಸಿಕ ತೊಂದರೆ ಇರುವವರಿಗೆ ಬೇರೆ ದಿನ ಇದೆಯಾ?

ಪ್ರತಿ ತಿಂಗಳ 9ನೇ ತಾರೀಕು ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ. ನಾಲ್ಕನೇ ತಿಂಗಳಿನಿಂದ ಇದನ್ನು ತಪ್ಪಿಸಬೇಡಿ. ಮಾನಸಿಕ ಆರೋಗ್ಯಕ್ಕೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಕೇಳಿಕೊಳ್ಳಿ. ರಾತ್ರಿ ಹೊತ್ತು ಮನಸ್ಸು ಕೈಮೀರಿದರೆ 14416 ಟೆಲಿ ಮಾನಸ್, ಯಾವ ಹೊತ್ತಿನಲ್ಲೂ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.

ತೋಟದ ಕೆಲಸಕ್ಕೆ ಬಂದ ಹೊರರಾಜ್ಯದವರ ಬಳಿ ಕರ್ನಾಟಕದ ಕಾರ್ಡ್ ಇಲ್ಲ. ನೋಡುತ್ತಾರಾ?

ನೋಡಲೇಬೇಕು. ಓಪಿಡಿ, ತುರ್ತು, ಹೆರಿಗೆ, ಲಸಿಕೆ, ಕ್ಷಯದ ಚಿಕಿತ್ಸೆ ಯಾವುದಕ್ಕೂ ಊರಿನ ಕಾರ್ಡ್ ಅಡ್ಡಿಯಲ್ಲ. ಅವರ ರಾಜ್ಯದಲ್ಲಿ ಮಾಡಿಸಿದ ಆಯುಷ್ಮಾನ್ ಕಾರ್ಡ್ ಇದ್ದರೆ ಇಲ್ಲೂ ತೋರಿಸಲಿ. ಭಾಷೆ ಬಾರದವರ ಜೊತೆ ತೋಟದ ರೈಟರೋ ಮೇಸ್ತ್ರಿಯೋ ಹೋಗುವುದು ಮಾಲೀಕರ ಜವಾಬ್ದಾರಿ ಎಂದೇ ನಾವು ತಿಳಿಯುತ್ತೇವೆ.

ದೂರು ಕೊಟ್ಟರೆ ಪ್ರಯೋಜನ ಇದೆಯಾ? ಯಾರಿಗೆ ಕೊಡಬೇಕು?

ಸರಿಯಾದವರಿಗೆ, ಬರಹದಲ್ಲಿ ಕೊಟ್ಟರೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಬಗ್ಗೆ ತಾಲ್ಲೂಕು ಆರೋಗ್ಯಾಧಿಕಾರಿ, ಅವರ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿ. ತಾಲ್ಲೂಕು ಆಸ್ಪತ್ರೆಯಾದರೆ ಅಲ್ಲಿನ ಆಡಳಿತ ವೈದ್ಯಾಧಿಕಾರಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದ್ದು, ಅಲ್ಲಿ ವೈದ್ಯಕೀಯ ಅಧೀಕ್ಷಕರು, ನಂತರ ನಿರ್ದೇಶಕರು. ಅದರ ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಟ್ಟು ತಿಂಗಳುಗಟ್ಟಲೆ ಕಾಯುವವರಿದ್ದಾರೆ, ಆ ಪತ್ರ ಇಲಾಖೆಯಿಂದ ಇಲಾಖೆಗೆ ತಿರುಗುತ್ತಿರುತ್ತದೆ.

"ಡಾಕ್ಟರ್ ಯಾವತ್ತೂ ಇರಲ್ಲ" ಎಂದು ಬರೆದರೆ ಏನೂ ಆಗುವುದಿಲ್ಲ. ಹೀಗೆ ಬರೆಯಿರಿ: "ಇಂಥ ದಿನಾಂಕ, ಬೆಳಿಗ್ಗೆ 9.10ಕ್ಕೆ ಇಂಥ ಸಂಖ್ಯೆಯ ಚೀಟಿ ಮಾಡಿಸಿದೆ. ಇಂಥ ಕೊಠಡಿಯ ಮುಂದೆ 1 ಗಂಟೆವರೆಗೆ ಕಾದೆ. ವೈದ್ಯರು ಬರಲಿಲ್ಲ, ಬದಲಿ ವ್ಯವಸ್ಥೆಯ ಬಗ್ಗೆ ಸಿಬ್ಬಂದಿ ತಿಳಿಸಲಿಲ್ಲ. ಈ ವಿಭಾಗದ ಓಪಿಡಿ ದಿನಗಳನ್ನು ಮತ್ತು ವೈದ್ಯರು ಇಲ್ಲದ ದಿನದ ಬದಲಿ ವ್ಯವಸ್ಥೆಯನ್ನು ಬೋರ್ಡಿನಲ್ಲಿ ಹಾಕಿಸಬೇಕೆಂದು ಕೋರುತ್ತೇನೆ." ಚೀಟಿಯ ನಕಲು ಲಗತ್ತಿಸಿ, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಜೊತೆಗೆ 1902 ಜನಸ್ಪಂದನಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಲಂಚ ಕೇಳಿದ್ದರೆ ಜಿಲ್ಲೆಯ ಲೋಕಾಯುಕ್ತ ಕಚೇರಿ.

ಹುದ್ದೆಯೇ ಖಾಲಿ ಇದೆ ಎಂದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಯಾವ ದಿನದಿಂದ ಖಾಲಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಲಿ. ಆ ಉತ್ತರ ಕೈಯಲ್ಲಿಟ್ಟುಕೊಂಡು ಗ್ರಾಮಸಭೆಯಲ್ಲಿ, ಶಾಸಕರ ಬಳಿ ಕೇಳಿದರೆ "ನೋಡೋಣ" ಎಂದು ಜಾರಿಕೊಳ್ಳುವುದು ಕಷ್ಟ.

ಬರುವಾಗ ಚೀಲದಲ್ಲಿ ಏನಿರಬೇಕು?

ಆಧಾರ್, ರೇಷನ್ ಕಾರ್ಡ್, ಎರಡರ ಎರಡೆರಡು ನಕಲು. ಹಳೆಯ ಚೀಟಿ, ರಿಪೋರ್ಟ್‌ಗಳು ದಿನಾಂಕದ ಪ್ರಕಾರ, ಹೊಸದು ಮೇಲೆ. ಈಗ ನುಂಗುತ್ತಿರುವ ಮಾತ್ರೆಗಳ ಹಾಳೆ ಸಮೇತ, "ಬಿಳಿ ಮಾತ್ರೆ, ಕೆಂಪು ಮಾತ್ರೆ" ಎಂದರೆ ಯಾವ ಡಾಕ್ಟರಿಗೂ ಗೊತ್ತಾಗುವುದಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯ ಹಿಂದೆ ಬರೆದಿಟ್ಟುಕೊಳ್ಳಿ, ಒಳಗೆ ಸಿಗುವುದು ಎರಡು ಮೂರು ನಿಮಿಷ. ಹೆಂಗಸರು ಶಕ್ತಿ ಯೋಜನೆಯಲ್ಲಿ ಬರುವುದಾದರೆ ಸರ್ಕಾರಿ ಬಸ್ಸಿನ ಹೊತ್ತು ನೋಡಿಕೊಂಡು ಹೊರಡಿ. ಕೊಪ್ಪ, ಶೃಂಗೇರಿ ಕಡೆ ಓಡುವ ಖಾಸಗಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ, ಟಿಕೆಟ್ಟಿನ ಹಣ ಇಟ್ಟುಕೊಂಡಿರಿ.